ಹಳೆ ಕಾರಿಗೆ ಮೊದಲು ವೈರಿಂಗ್ ಮಾಡಿಸಿ, ಪೇಂಟ್ ಆಮೇಲೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೇಲಿ ಹಳೆ ಕಾರುಗಳ ರ‍್ಯಾಲಿ ಫೋಟೋಗಳು ಅರ್ಧ ಪುಟ ಬಂದಿದ್ವು, ನೋಡಿ ತುಂಬ ಖುಷಿಯಾಯ್ತು. ಪೇಂಟ್ ಎಷ್ಟು ಕೋಟ್ ಹೊಡೆಸಿದ್ರು, ಕ್ರೋಮ್ ಎಲ್ಲಿ ಮಾಡಿಸಿದ್ರು, ಸೀಟಿಗೆ ಎಂಥ ಲೆದರ್ ಹಾಕಿಸಿದ್ರು ಅಂತ ಎಲ್ಲಾ ಬರೆದಿದ್ರಿ, ಆದ್ರೆ ಅಷ್ಟು ಕಾರಲ್ಲಿ ಒಂದರದ್ದಾದ್ರೂ ವೈರಿಂಗ್ ಹೇಗಿದೆ ಲೈಟ್ ಹೇಗಿದೆ ಅಂತ ಒಂದು ಸಾಲು ಇರ್ಲಿಲ್ಲ. ಅದನ್ನ ಯಾರೂ ಕೇಳೋದೂ ಇಲ್ಲ. ನಾವೂ ಕೇಳ್ಕೊಂಡಿರ್ಲಿಲ್ಲ, ಅದರಿಂದ ಏನಾಯ್ತು ಅಂತ ಹೇಳೋಕೇ ಈ ಪತ್ರ.

ನಮ್ಮ ಮನೇಲಿ ಇರೋದು 1958ರ ಮಾರಿಸ್ ಮೈನರ್ 1000, 948 ಸಿಸಿ ಇಂಜಿನ್, ನಮ್ಮಜ್ಜ ತಗೊಂಡಿದ್ದು. ಅಜ್ಜ ಹೋದ್ಮೇಲೆ ಹದಿನೈದು ವರ್ಷ ಕೊಟ್ಟಿಗೆ ಪಕ್ಕದ ಶೆಡ್ಡಲ್ಲೇ ನಿಂತಿತ್ತು. ಮೂರು ವರ್ಷದ ಹಿಂದೆ ಅಪ್ಪಾಜಿ ಅದನ್ನ ರೆಡಿ ಮಾಡಿಸೋಣ ಅಂದ್ರು, ಇದ್ದ ದುಡ್ಡೆಲ್ಲಾ ಟಿಂಕರಿಂಗು ಪೇಂಟಿಗೇ ಹೋಯ್ತು. ವೈರಿಂಗ್ ಅಂತ ಬಂದಾಗ ಲೈಟ್ ಉರೀತಿದೆಯಲ್ಲ, ಇರ್ಲಿ ಬಿಡಿ ಅಂದ್ವಿ. ಒಳಗಿನ ವೈರೆಲ್ಲಾ ಹತ್ತಿ ನೂಲು ಹೆಣೆದ ಹಳೆ ಕಾಲದ್ದು, ಬಗ್ಗಿಸಿದ್ರೆ ಒಳಗಿನ ರಬ್ಬರ್ ಹಪ್ಪಳದ ಹಾಗೆ ಮುರೀತಿತ್ತು, ಇಲಿ ಕಡಿದಿದ್ದ ಕಡೆ ಟೇಪ್ ಸುತ್ತಿದ್ರು ಅಷ್ಟೆ.

ಆಮೇಲೆ ಜುಲೈನಲ್ಲಿ ಉಡುಪೀಲಿ ಮದುವೆ ಮುಗಿಸ್ಕೊಂಡು ತೀರ್ಥಹಳ್ಳಿಗೆ ವಾಪಸ್ ಬರ್ತಾ ಇದ್ವಿ. ಸೋಮೇಶ್ವರ ದಾಟೋವಾಗ್ಲೇ ಕತ್ತಲೆ, ಮಳೆ ಸುರೀತಿತ್ತು, ವೈಪರ್ ಹಾಕಿದ ಕೂಡ್ಲೆ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿ ಥರ ಹಳದಿಗೆ ತಿರುಗ್ತು. ಆಗುಂಬೆ ಘಾಟಿಗೆ ಹದಿನಾಲ್ಕು ತಿರುವು, ಆರೋ ಏಳೋ ಹತ್ತಿರಬೇಕು, ಎದುರಿಗೆ ಬಸ್ ಬಂತು ಅಂತ ಡಿಮ್ ಮಾಡೋಕೆ ಕಾಲಲ್ಲಿ ಸ್ವಿಚ್ ಒತ್ತಿದೆ, ಎರಡೂ ಲೈಟ್ ಒಟ್ಟಿಗೆ ಆರಿಹೋಯ್ತು. ಮತ್ತೆ ಒತ್ತಿದ್ರೂ ಬರ್ಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಂದಿನ ಸೀಟಲ್ಲಿ ಅಮ್ಮ. ಬಸ್ಸಿನ ಡ್ರೈವರ್ ನಿಲ್ಲಿಸಿ ತಮ್ಮ ಲೈಟಲ್ಲಿ ನಮಗೆ ಸೈಡಿಗೆ ಹಾಕೋಕೆ ದಾರಿ ಕೊಟ್ರು, ಅವರಿಗೆ ಇವತ್ತಿಗೂ ಋಣಿ. ಮೇಲೆ ಹತ್ತೋವರೆಗೂ ನನ್ನ ತಮ್ಮ ಕಿಟಕಿಯಿಂದ ಟಾರ್ಚ್ ಹಿಡ್ಕೊಂಡೇ ಬಂದ.

ಮಾರನೇ ದಿನ ಒಬ್ಬರ ಹತ್ರ ತೋರಿಸಿದ್ವಿ, ಅವರು ನೋಡಿದ ತಕ್ಷಣ ಬಲ್ಬ್ ಪವರ್ ಸಾಲಲ್ಲ 100/90 ವ್ಯಾಟಿಂದು (ಬ್ರೈಟಿಗೆ 100, ಡಿಮ್ಮಿಗೆ 90) ಹಾಕಿ ಅಂದ್ರು, ಬ್ಯಾಟ್ರಿನೂ ಹಳೇದು ಅಂತ ಬದಲಾಯಿಸಿ ಮೈನಸ್ ವೈರನ್ನ ಕಾರಿನ ಲೋಹದ ಬಾಡಿಗೆ ಕೊಟ್ರು. ಈಗಿನ ಎಲ್ಲಾ ಕಾರಲ್ಲೂ ಮೈನಸ್ಸೇ ಬಾಡಿಗೆ ಇರೋದು, ಅವರ ತಪ್ಪು ಅಂತ ಪೂರ್ತಿ ಹೇಳಲ್ಲ, ಆದ್ರೆ ಮೈನರಲ್ಲಿ ಪ್ಲಸ್ಸೇ ಅರ್ತ್, ಅಂದ್ರೆ ಬಾಡಿಗೆ ಸೇರಬೇಕಾದ್ದು ಪ್ಲಸ್ಸು. ಬ್ಯಾಟ್ರಿಯ ಪ್ಲಸ್ ಕಂಬ ದಪ್ಪ, ಮೈನಸ್ ಕಂಬ ಸಣ್ಣ, ಹಾಗಾಗಿ ಕಾರಿನ ಕ್ಲಾಂಪ್ ಅದಲು ಬದಲಾದ್ರೆ ಒಂದು ಕೂರಲ್ಲ ಇನ್ನೊಂದು ಸಡಿಲ, ಅವರು ಆ ಸಡಿಲಕ್ಕೆ ತಗಡು ತುರುಕಿ ಬಿಗಿ ಮಾಡಿದ್ರು. ಮೋಸ ಏನಂದ್ರೆ ಹಾಗೆ ಉಲ್ಟಾ ಕೊಟ್ರೂ ಸೆಲ್ಫ್ ಸರಿಯಾಗೇ ತಿರುಗುತ್ತೆ, ಬಲ್ಬ್ ಉರಿಯುತ್ತೆ, ಗಾಡಿ ಸ್ಟಾರ್ಟ್ ಆಗುತ್ತೆ. ಇಂಜಿನ್ ಓಡುವಾಗ ಬ್ಯಾಟ್ರಿ ಚಾರ್ಜ್ ಮಾಡೋ ಡೈನಮೋ ಮಾತ್ರ ತನ್ನ ಹಳೆ ದಿಕ್ಕಲ್ಲೇ ಕರೆಂಟ್ ಕೊಡುತ್ತೆ, ಕಟೌಟ್, ಅಂದ್ರೆ ಡೈನಮೋನ ಬ್ಯಾಟ್ರಿಗೆ ತಾನಾಗೇ ಸೇರಿಸೋ ಸ್ವಿಚ್, ಕೂತ ಕ್ಷಣ ಬ್ಯಾಟ್ರಿಗೂ ಡೈನಮೋಗೂ ಜಗಳ ಬಿದ್ದು ಪಾಯಿಂಟ್ ಸುಟ್ಟು ಹೋಗುತ್ತೆ. ನಮ್ಮದರಲ್ಲಿ ಡ್ಯಾಶಿನ ಕೆಂಪು ಲೈಟ್ ಆಕ್ಸಿಲರೇಟರ್ ಕೊಟ್ಟಷ್ಟೂ ಜೋರಾಗಿ ಉರಿಯೋಕೆ ಶುರುವಾಯ್ತು, ಆಮೇಲೆ ಸುಟ್ಟ ವಾಸನೆ. ಯಾರ ಮನೇಲಿ ಪ್ಲಸ್ ಅರ್ತಿನ ಗಾಡಿ ಇದೆಯೋ ದಯವಿಟ್ಟು ಬ್ಯಾಟ್ರಿ ಪಕ್ಕ ಪೇಂಟಲ್ಲಿ ದೊಡ್ಡದಾಗಿ ಬರೆಸಿಡಿ, ಬ್ಯಾಟ್ರಿ ಬದಲಾಯಿಸುವಾಗ ನೀವೇ ನಿಂತು ನೋಡಿ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್ ಇಂಥವನ್ನೂ ನೋಡದೇ ಅದಕ್ಕೆ ಸಿಕ್ಕಿಸಬೇಡಿ.

ಕೊನೆಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ವಿಚಾರಿಸ್ತಾ ಹೋದಾಗ ಒಬ್ರು ಹಿರಿಯರು ಸಿಕ್ರು, ಎಪ್ಪತ್ತು ದಾಟಿದೆ, ಈಗ ಅಂಗಡಿ ಇಲ್ಲ, ಮಗನ ಗ್ಯಾರೇಜಲ್ಲಿ ಕೂತಿರ್ತಾರೆ. ಬಾನೆಟ್ ಎತ್ತಿ ವೈರುಗಳ ಮೇಲಿನ ಧೂಳು ಬಟ್ಟೇಲಿ ಒರೆಸಿ ಬಣ್ಣ ಓದೋಕೆ ಶುರು ಮಾಡಿದ್ರು. ಬ್ರೌನ್ ಅಂದ್ರೆ ಬ್ಯಾಟ್ರಿಯಿಂದ ನೇರ ಬರೋ ಲೈನು, ಬಿಳಿ ಅಂದ್ರೆ ಇಗ್ನಿಷನ್, ಹಸಿರು ಅಂದ್ರೆ ಇಗ್ನಿಷನ್ ಆದ್ಮೇಲೆ ಫ್ಯೂಸ್ ದಾಟಿ ಬರೋದು, ಹೆಡ್‌ಲೈಟಿಗೆ ನೀಲಿ, ಅದರಲ್ಲೇ ಬಿಳಿ ಗೆರೆ ಇದ್ರೆ ಬ್ರೈಟು ಕೆಂಪು ಗೆರೆ ಇದ್ರೆ ಡಿಮ್ಮು, ಪಾರ್ಕಿಂಗಿಗೆ ಟೈಲ್ ಲೈಟಿಗೆ ಕೆಂಪು, ಕಪ್ಪು ಅರ್ತ್. ಕಾರಿನ ಎಲೆಕ್ಟ್ರಿಕಲ್ ಸಾಮಾನು ಮಾಡ್ತಿದ್ದ ಇಂಗ್ಲೆಂಡಿನ ಲೂಕಾಸ್ ಕಂಪನಿ ಲೆಕ್ಕ ಇದು, ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಹೆಚ್ಚುಕಮ್ಮಿ ಇದೇ. ಹಿಂದೆ ರಿಪೇರಿ ಮಾಡಿದವರು ಎಲ್ಲಾ ಕಡೆ ಒಂದೇ ಕೆಂಪು ವೈರ್ ಹಾಕಿದ್ದು ನೋಡಿ ಅವರು ನಿಜವಾಗ್ಲೂ ನೊಂದ್ಕೊಂಡ್ರು. "ಇದನ್ನ ನಾಳೆ ಯಾರು ಓದ್ಬೇಕು ಸಾರ್?" ಅಂದ್ರು.

ಕಾಲಲ್ಲಿ ಒತ್ತೋ ಆ ಡಿಮ್ ಸ್ವಿಚ್ ಬಿಚ್ಚಿ ನನ್ನ ಅಂಗೈ ಮೇಲಿಟ್ರು. ಕ್ಲಚ್ ಪಕ್ಕ ನೆಲದಲ್ಲಿರೋದು ಅದು, ನಮ್ಮ ಮಲೆನಾಡಿನ ಮಳೇಲಿ ಒದ್ದೆ ಚಪ್ಪಲಿ ನೀರೆಲ್ಲಾ ಅಲ್ಲೇ ಇಳಿಯುತ್ತೆ. ಒಳಗೆ ತಾಮ್ರ ಪೂರ್ತಿ ಕಿಲುಬು ಹಿಡಿದಿತ್ತು, ಪೂಜೆ ಪಂಚಪಾತ್ರೆ ವರ್ಷಗಟ್ಲೆ ತೊಳೀದೇ ಇಟ್ರೆ ಆಗುತ್ತಲ್ಲ ಆ ಹಸಿರು, ಅದರ ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಬಿಸಿಗೆ ಕಂದಿ ಒಂದು ಮೂಲೆ ಉದುರಿತ್ತು. ಇನ್ನೊಂದು ಗೊತ್ತಿರ್ಲಿ, ಈ ಗಾಡೀಲಿ ಇರೋದು ಎರಡೇ ಫ್ಯೂಸು, ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಆ ನೀಲಿ ವೈರ್ ಎಲ್ಲಾದ್ರೂ ಬಾಡಿಗೆ ತಾಗಿದ್ರೆ ತಡೆಯೋರೇ ಇಲ್ಲ, ವೈರಿಂಗೇ ಹತ್ಕೊಳ್ಳುತ್ತೆ.

ಲೈಟ್ ಹಳದಿಯಾಗ್ತಿದ್ದಕ್ಕೆ ಕಾರಣ ಕೇಳಿ ಮಾತ್ರ ಅಪ್ಪಾಜಿ ಸುಮಾರು ಹೊತ್ತು ಮಾತಾಡ್ಲಿಲ್ಲ. ಕಾರಣ ನಾವು ಮಾಡಿಸಿದ ಪೇಂಟು! ಹಳೆ ಗಾಡೀಲಿ ಬಲ್ಬಿಗೆ ಹೋದ ಕರೆಂಟ್ ಬಾಡಿ ಮೂಲಕಾನೇ ವಾಪಸ್ ಬರ್ಬೇಕು, ಪೇಂಟ್ ಹೊಡೆದವರು ಅರ್ತ್ ಬೋಲ್ಟ್ ಕೂರೋ ಜಾಗಕ್ಕೂ ಪ್ರೈಮರ್ ಪೇಂಟ್ ಹೊಡೆದು ಅದರ ಮೇಲೇ ಬೋಲ್ಟ್ ಹಾಕಿದ್ರು. ಲೈಟ್ ಹಾಕಿಟ್ಟು ಮೀಟರಿನ ಒಂದು ಕಡ್ಡಿ ಬ್ಯಾಟ್ರಿಯ ಅರ್ತ್ ಕಂಬಕ್ಕೆ, ಇನ್ನೊಂದು ಹೆಡ್‌ಲೈಟಿನ ಹಿಂದಿನ ಬಟ್ಟಲಿಗೆ ಹಿಡಿದ್ರು. ಅಲ್ಲಿ ಸೊನ್ನೆ ಹತ್ತಿರ ಇರ್ಬೇಕು, ತೋರಿಸಿದ್ದು 1.9 ವೋಲ್ಟ್. ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಬಿದ್ರೆ ಬೆಳಕು ಸುಮಾರು ಮೂವತ್ತು ಭಾಗ ಬೀಳುತ್ತೆ, ನಮ್ಮದು ಅದಕ್ಕಿಂತ ಜಾಸ್ತೀನೇ ಬಿದ್ದಿತ್ತು. ಬ್ರೇಕ್ ಒತ್ತಿದಾಗ ಟೈಲ್ ಲೈಟ್ ಮಂಕಾಗೋದು, ಒಂದು ಲೈಟ್ ಹಾಕಿದ್ರೆ ಸಂಬಂಧ ಇಲ್ದೇ ಇರೋ ಇನ್ನೊಂದು ಮಿಣುಕೋದು, ಇದೂ ಬಹಳ ಸಲ ಅರ್ತ್ ಕತೆನೇ. ಬೋಲ್ಟ್ ಬಿಚ್ಚಿ ಎಮರಿ ಪೇಪರಲ್ಲಿ ಲೋಹ ಹೊಳೆಯೋವರೆಗೂ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದ್ರು, ಪ್ರತಿ ಲೈಟಿಗೂ ಬೇರೆ ಕಪ್ಪು ವೈರ್ ಎಳೆದ್ರು. ಖರ್ಚು ಅಂತ ಏನೂ ಇಲ್ಲ, ಒಂದು ಮಧ್ಯಾಹ್ನದ ಕೆಲಸ.

ಆ 100/90 ಬಲ್ಬ್ ಅವರು ಅವತ್ತೇ ತೆಗೆಸಿದ್ರು. ಎರಡು ನೂರು ವ್ಯಾಟ್ ಅಂದ್ರೆ 12 ವೋಲ್ಟಲ್ಲಿ ಹತ್ತಿರ ಹತ್ತಿರ 17 ಆಂಪಿಯರ್, ಈ ಕಾಲದ ಮೈನರ್ ಡೈನಮೋ ಪೂರ್ತಿ ಓಡಿದಾಗ ಕೊಡೋದೇ 19, ನಿಂತಲ್ಲಿ ಐಡ್ಲಿಂಗಲ್ಲಿ ಏನೂ ಕೊಡಲ್ಲ. ಅದರಲ್ಲೇ ವೈಪರು, ಇಗ್ನಿಷನ್ನು, ಟಿಕ್ ಟಿಕ್ ಅನ್ನೋ ಪೆಟ್ರೋಲ್ ಪಂಪು, ತಿರುಗೋ ದಿಕ್ಕು ತೋರಿಸೋಕೆ ಬಾಗಿಲ ಹಿಂದಿನ ಕಂಬದಿಂದ ಕೈ ಎತ್ತೋ ಟ್ರಾಫಿಕೇಟರ್ ಎಲ್ಲಾ ನಡೀಬೇಕು. ರೂಲ್ಸ್ ಪ್ರಕಾರ ರೋಡಲ್ಲಿ ಅಷ್ಟು ವ್ಯಾಟಿನ ಬಲ್ಬ್ ಹಾಕೋ ಹಾಗೂ ಇಲ್ಲ. ಕಂಪನಿ ವ್ಯಾಟಿನ ಬಲ್ಬೇ ವಾಪಸ್ ಹಾಕಿ, ಡಿಮ್ಮಿಗೊಂದು ಬ್ರೈಟಿಗೊಂದು ರಿಲೇ (ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್ ಮಾಡೋ ಸ್ವಿಚ್) ಕೊಟ್ಟು, ಬ್ಯಾಟ್ರಿಯಿಂದ ನೇರ ಲೈನ್ ಎಳೆದು ಅದಕ್ಕೆ ಫ್ಯೂಸ್ ಹಾಕಿದ್ರು, ಈಗ ಹಳೆ ಸ್ವಿಚ್ ಮೇಲೆ ಲೋಡೇ ಬೀಳಲ್ಲ. ರಿಲೇ ಬೇಡ ಅಂದ ದಿನ ಬಿಚ್ಚಿದ್ರೆ ಕಾರು ಮೊದಲಿನ ಹಾಗೇ ಇರುತ್ತೆ. ಆ ಬಸ್ ಬಂದ ತಿರುವಲ್ಲೇ ಹೋದ ತಿಂಗಳು ರಾತ್ರಿ ಹತ್ತಿದ್ವಿ, ರೋಡ್ ಬದಿ ಬಿಳಿ ಕಲ್ಲು ಒಂದೊಂದೂ ಕಾಣ್ತು.

ಈಗ ನನ್ನ ವಿನಂತಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಅಂತಲೇ ನಿಯಮ ತಂತು, 50 ವರ್ಷ ದಾಟಿರ್ಬೇಕು, ಮೂಲ ರೂಪದಲ್ಲಿ ಇರ್ಬೇಕು, 20,000 ರೂಪಾಯಿ ಕಟ್ಟಿದ್ರೆ ವಿಎ ಅಕ್ಷರದ ನಂಬರ್ ಹತ್ತು ವರ್ಷಕ್ಕೆ. ಮೂಲ ರೂಪ ಅಂದ್ರೆ ಹೊರಗಿನ ಬಣ್ಣ ಮಾತ್ರ ಅಂತ ಅಂದ್ಕೊಂಡ್ರೆ ತಪ್ಪು, ವೈರಿಂಗಿಗೂ ಒಂದು ಮೂಲ ರೂಪ ಇದೆ. ರ‍್ಯಾಲಿ ಮಾಡೋರು ಬೆಳಿಗ್ಗೆ ಬಾವುಟ ತೋರಿಸೋ ಮುಂಚೆ ಪ್ರತಿ ಕಾರಿನ ಹೆಡ್‌ಲೈಟ್, ಬ್ರೇಕ್ ಲೈಟ್, ಟೈಲ್ ಲೈಟ್ ಹಾಕಿಸಿ ನೋಡ್ಲಿ, ಉರೀದೇ ಇದ್ರೆ ಹೊರಡಿಸೋದು ಬೇಡ, ಬಹುಮಾನಕ್ಕೆ ಮಾರ್ಕ್ಸ್ ಕೊಡುವಾಗ ಬಾನೆಟ್ ಎತ್ತಿ ವೈರಿಂಗಿಗೂ ಕೊಡ್ಲಿ. ಶ್ರೀರಂಗಪಟ್ಟಣದ ಹತ್ತಿರ ಹಳೆ ಕಾರುಗಳ ಪಯಣ ಮ್ಯೂಸಿಯಂ ಇದೆ, ಧರ್ಮಸ್ಥಳದಲ್ಲೂ ಕಾರುಗಳ ಸಂಗ್ರಹ ಇದೆ, ಐಟಿಐ ಹುಡುಗರನ್ನ ಅಲ್ಲಿಗೆ ಕರ್ಕೊಂಡು ಹೋಗಿ ಬರೀ ಫೋಟೋ ತೆಗೆಸೋ ಬದಲು ಡೈನಮೋ ಕಟೌಟ್ ಬಿಚ್ಚಿ ತೋರಿಸೋ ಹಾಗಾದ್ರೆ ಎಷ್ಟು ಚೆನ್ನ.

ನಿಮ್ಮ ವರದಿಗಾರರು ಯಾರಾದ್ರೂ ಒಂದು ದಿನ ಶಿವಮೊಗ್ಗದ ಆ ಹಿರಿಯರ ಜೊತೆ ಕೂತು ಅವರು ಹೇಳೋದನ್ನೆಲ್ಲಾ ಬರ್ಕೊಂಡು ಪ್ರಕಟಿಸಿದ್ರೆ ದೊಡ್ಡ ಉಪಕಾರ, ಅವರು ಕೆಲಸ ಕಲಿಸೋಕೆ ಈಗ್ಲೂ ತಯಾರಿದಾರೆ, ಕಲಿಯೋರು ಬರ್ತಿಲ್ಲ. ಬಣ್ಣದ ಲೆಕ್ಕ ಹಾಕಿ ಅವರು ಕೈಯಲ್ಲೇ ಬರೆದುಕೊಟ್ಟ ವೈರಿಂಗ್ ಚಾರ್ಟ್ ನಮ್ಮ ಶೆಡ್ಡಿನ ಗೋಡೆ ಮೇಲಿದೆ, ಬೇಕಾದವರಿಗೆ ನಿಮ್ಮ ಕಚೇರಿ ಮೂಲಕ ಜೆರಾಕ್ಸ್ ಕಳಿಸ್ತೀನಿ.

ಇಂತಿ,
ನಿಮ್ಮ ಓದುಗ, ತೀರ್ಥಹಳ್ಳಿ