ಮೂರು ಸಾಲುಗಳ ಋಣ

ಕಳೆದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಪ್ರಬಂಧದ ಮೊದಲ ಪುಟಗಳಲ್ಲಿ ಎಲ್ಲರಿಗೂ ಒಂದೊಂದು ಸಾಲಿನ ಧನ್ಯವಾದ ಹೇಳಿದ್ದೇನೆ. ಅದು ಸಾಲದು. ಯಾರು ಏನು ಮಾಡಿದರೆಂದು ಹೇಳದೆ ಕೈಮುಗಿದರೆ ಅದು ಬರೀ ಶಿಷ್ಟಾಚಾರವಾಗುತ್ತದೆ.

ನಾನು ಕಟ್ಟಿದ್ದು 28 ಗಿಗಾಹರ್ಟ್ಸ್‌ನ ರೇಡಿಯೋ ಅಲೆಗಳಿಗೆ ಒಂದು ಚಪ್ಪಟೆ ಮಸೂರ. ಆ ಅಲೆಯ ಉದ್ದ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅಂಗೈ ಅಡ್ಡ ಬಂದರೂ ಸೊರಗುವ ಅಲೆ ಅದು. ಎಲ್ಲ ಕಡೆಗೂ ಚೆಲ್ಲಿದರೆ ಯಾರಿಗೂ ದಕ್ಕುವುದಿಲ್ಲ. ಕಿರಿದಾದ ಕಿರಣವಾಗಿ ಒಟ್ಟುಗೂಡಿಸಿ ಮೊಬೈಲ್ ಇರುವತ್ತ ಕಳುಹಿಸಬೇಕು, ಮೊಬೈಲ್ ಹಿಡಿದವರು ನಡೆದಂತೆ ಕಿರಣವೂ ತಿರುಗಬೇಕು. ಅದಕ್ಕಾಗಿ ಹಿಂದೊಂದು ಹಾರ್ನ್ ಆಂಟೆನಾ (ಅಲೆ ಹೊರಡಿಸುವ ಕೊಳವೆಬಾಯಿ), ಮುಂದೆ ಅಂಗೈ ಅಗಲದ ಸರ್ಕ್ಯೂಟ್ ಬೋರ್ಡ್. ಬೋರ್ಡಿನಲ್ಲಿ 16 ಸಾಲು, ಸಾಲಿಗೆ 16 ಕೋಶ. ಪ್ರತಿ ಕೋಶದಲ್ಲಿ ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಪಿನ್ ಡಯೋಡ್‌ಗಳು, ಒಂದರ ದಿಕ್ಕು ಇನ್ನೊಂದಕ್ಕೆ ವಿರುದ್ಧ. ಒಂದು ಆನ್ ಆದರೆ ಇನ್ನೊಂದು ಆಫ್ ಆಗಿರುತ್ತದೆ. ಅದಲು ಬದಲು ಮಾಡಿದರೆ ಹಾದುಹೋಗುವ ಅಲೆಯ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಹೊರಬರುತ್ತದೆ. ಯಾವ ಕೋಶ ಯಾವ ಸ್ಥಿತಿಯಲ್ಲಿರಬೇಕೆಂದು ಪ್ರೋಗ್ರಾಂ ಹೇಳುತ್ತದೆ, ಅದಕ್ಕೆ ತಕ್ಕಂತೆ ಕಿರಣ ತಿರುಗುತ್ತದೆ.

ತಿರುಗಿತು ಕೂಡ. ಆದರೆ ಲೆಕ್ಕಕ್ಕಿಂತ 4 ಡೆಸಿಬಲ್ ಕಡಿಮೆ, ಅಂದರೆ ಬರಬೇಕಾದ ಶಕ್ತಿಯಲ್ಲಿ ಶೇ 40ರಷ್ಟು ಮಾತ್ರ. ಎರಡೇ ಸ್ಥಿತಿಗಳಿರುವ ಮಸೂರದಲ್ಲಿ ಹೇಗಿದ್ದರೂ ಸುಮಾರು 4 ಡೆಸಿಬಲ್ ನಷ್ಟವಿರುತ್ತದೆ. ಅದನ್ನು ಸೇರಿಸಲು ಮರೆತಿರಬೇಕೆಂದು ಮೂರು ಸಲ ಸಿಮ್ಯುಲೇಷನ್ ನಡೆಸಿದೆ. ಮರೆತಿರಲಿಲ್ಲ. ಪ್ರತಿ ಕೋಶದ ವಿದ್ಯುತ್ ಪ್ರವಾಹ ಅಳೆದೆ, ಎಲ್ಲವೂ ಸರಿಯಾಗಿತ್ತು. ಹೀಗೆ ಐದು ತಿಂಗಳು ಹೋದವು.

ನನ್ನ ಮಾರ್ಗದರ್ಶಕರ ಅನುಮಾನವೆಲ್ಲ ಬೋರ್ಡಿನ ಪದರಗಳ ನಡುವಿನ ಅಂಟಿನ ಮೇಲಿತ್ತು. ಅದು ತಪ್ಪೆಂದು ಆಮೇಲೆ ತಿಳಿಯಿತು. ಆದರೂ ಸಂಜೆ ಏಳರ ನಂತರ ಅಲೆಗಳನ್ನು ಹೀರುವ ಮೊನಚು ಸ್ಪಂಜು ಹೊದಿಸಿದ ಆ ಕಿಟಕಿಯಿಲ್ಲದ ಕೊಠಡಿಗೆ ಬಂದು, ನನ್ನ ಪಕ್ಕದಲ್ಲಿ ಕುಳಿತು ಅಂಕಿ ಬರೆದುಕೊಳ್ಳುತ್ತಿದ್ದರು. ಯಾವಾಗ ಮುಗಿಯುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ. ಅಮ್ಮ ಪ್ರತಿ ರಾತ್ರಿ ಫೋನಿನಲ್ಲಿ ಕೇಳುತ್ತಿದ್ದರು, ಮೂರನೆಯ ತಿಂಗಳಿನಿಂದ ಕೇಳುವುದನ್ನು ಬಿಟ್ಟರು. ಕೇಳಿದ್ದಕ್ಕೂ ಬಿಟ್ಟದ್ದಕ್ಕೂ ನಾನು ಅವರಿಗೆ ಋಣಿ.

ದೊಡ್ಡ ಋಣ ಪ್ರಯೋಗಾಲಯದ ಹಿರಿಯ ತಂತ್ರಜ್ಞರದು. ನನ್ನ ಬೋರ್ಡಿಗೆ ಥರ್ಮೋಕೋಲ್ ಕೊರೆದು ಪೀಠ ಮಾಡಿಕೊಟ್ಟವರು ಅವರೇ. ಈ ಅಲೆಗಳಿಗೆ ಥರ್ಮೋಕೋಲ್ ಹೆಚ್ಚುಕಡಿಮೆ ಗಾಳಿಯಿದ್ದಂತೆ. (1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಿಲಿಮೀಟರ್ ಅಲೆಗಳ ಪ್ರಯೋಗ ಮಾಡಿದ ಜಗದೀಶಚಂದ್ರ ಬೋಸರು ರೈಲ್ವೆ ವೇಳಾಪಟ್ಟಿಯ ಹಾಳೆಗಳ ನಡುವೆ ತವರದ ಹಾಳೆ ಇಟ್ಟು ಉಪಕರಣ ಮಾಡಿಕೊಂಡಿದ್ದರು. ಇವರೂ ಅದೇ ಜಾತಿಯ ಮನುಷ್ಯರು.) ಒಂದು ಮಧ್ಯಾಹ್ನ ಪೀಠ ಸರಿಪಡಿಸಲು ಬೋರ್ಡ್ ತೆಗೆದುಕೊಂಡವರು, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ತರಿಸಿ, "ಈ ಮೂರು ಸಾಲುಗಳಲ್ಲಿ ಡಯೋಡಿನ ದಿಕ್ಕಿನ ಗುರುತು ಆ ಕಡೆಗಿದೆಯಲ್ಲ?" ಎಂದರು.

ಇತ್ತು. ಹೊಸ ಟೇಪಿನಿಂದ ಬಿಡಿಸಿ ತೆಗೆದ ಡಯೋಡ್‌ಗಳನ್ನು ನಾನೇ ಹಿಂದುಮುಂದಾಗಿ ಬೆಸೆದಿದ್ದೆ. ಜೋಡಿಯಲ್ಲಿ ಎರಡೂ ತಿರುಗಿದ್ದರಿಂದ ಯಾವುದಾದರೊಂದು ಆನ್ ಆಗಿಯೇ ಇರುತ್ತಿತ್ತು, ಪ್ರವಾಹದ ಅಳತೆಯಲ್ಲಿ ತಪ್ಪು ಕಾಣಲಿಲ್ಲ. ಆ 48 ಕೋಶಗಳು ಸುಮ್ಮನಿರದೆ, ಉಬ್ಬು ಬೇಕಾದಲ್ಲಿ ತಗ್ಗು ಕಳುಹಿಸಿ, ಇನ್ನೂ 48ರ ದುಡಿಮೆಯನ್ನು ಅಳಿಸುತ್ತಿದ್ದವು. 256ರಲ್ಲಿ ಕೆಲಸಕ್ಕೆ ಬಂದದ್ದು 160. ಶಕ್ತಿ ಅಲೆಯ ಎತ್ತರದ ವರ್ಗಕ್ಕೆ ತಕ್ಕಂತಿರುವುದರಿಂದ, ಆ ಅನುಪಾತದ ವರ್ಗ ಮಾಡಿದರೆ ಸುಮಾರು ಅದೇ ಶೇ 40.

ಬೆಸುಗೆ ಬಿಚ್ಚಲು ಹೊರಟ ನನ್ನನ್ನು ತಡೆದವಳು ಪ್ರಯೋಗಾಲಯದ ಕಿರಿಯ ಸಹಪಾಠಿ. ಕೋಶದ ಸ್ಥಿತಿಯನ್ನು ಪ್ರೋಗ್ರಾಂ ಸೊನ್ನೆ ಅಥವಾ ಒಂದು ಎಂದು ಹೇಳುತ್ತದಲ್ಲ, ಆ ಮೂರು ಸಾಲುಗಳಿಗೆ ಮಾತ್ರ ಸೊನ್ನೆಯನ್ನು ಒಂದು, ಒಂದನ್ನು ಸೊನ್ನೆ ಮಾಡಿ ಎಂದಳು. ಪ್ರೋಗ್ರಾಂನಲ್ಲಿ ಒಂದೇ ಸಾಲು. ಅಂದು ರಾತ್ರಿಯೇ ಅಳತೆ ಲೆಕ್ಕಕ್ಕೆ ಹೊಂದಿತು.

ಬೋರ್ಡ್ ಈಗಲೂ ಹಾಗೆಯೇ ಇದೆ. ಆ ಒಂದು ಸಾಲಿನ ಪಕ್ಕದಲ್ಲಿ ಇಬ್ಬರ ಹೆಸರನ್ನೂ ಬರೆದಿದ್ದೇನೆ. ಮುಂದೆ ಅದನ್ನು ಬಳಸುವವರು ದಯವಿಟ್ಟು ಅಳಿಸಬೇಡಿ.