ಸರ್ವರ್‌ಗಳಿಗೂ ಒಂದೇ ಭಾಷೆ ಬೇಕು

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಒಂದು ಸರ್ವರ್ ರೂಮಿನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನಮ್ಮಲ್ಲಿ ಮೂರು ಕಂಪನಿಗಳ ಸರ್ವರ್‌ಗಳಿವೆ. ಹೋದ ತಿಂಗಳು ಒಂದರ ಫ್ಯಾನ್ ಕೆಟ್ಟು ಬಿಸಿ ಏರತೊಡಗಿತು. ಯಾವುದು ಅಂತ ಹುಡುಕಲು ಮೂರು ಸ್ಕ್ರೀನ್, ಮೂರು ಪಾಸ್‌ವರ್ಡ್. ಒಂದರಲ್ಲಿ ಫ್ಯಾನ್ ವೇಗ ಸುತ್ತಿನ ಲೆಕ್ಕದಲ್ಲಿ, ಇನ್ನೊಂದರಲ್ಲಿ ಶೇಕಡಾ ಲೆಕ್ಕದಲ್ಲಿ. ಅದು ಸಿಗುವಷ್ಟರಲ್ಲಿ ಮೆಷಿನ್ ತಾನಾಗಿಯೇ ಆಫ್ ಆಯಿತು.

ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. 1998ರಲ್ಲೇ ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ ಐಪಿಎಂಐ ತಂದವು, ಅಂದರೆ ಬೇರೆ ಬೇರೆ ಕಂಪನಿಗಳ ಸರ್ವರ್‌ಗಳನ್ನು ಒಂದೇ ರೀತಿ ನೋಡಿಕೊಳ್ಳಲು ಒಂದು ಮಾನದಂಡ. ಅದಕ್ಕೀಗ ವಯಸ್ಸಾಗಿದೆ, ಭದ್ರತೆಯೂ ಸಾಲದು. 2015ರಲ್ಲಿ ಡಿಎಂಟಿಎಫ್ ಎಂಬ ಕಂಪನಿಗಳ ಒಕ್ಕೂಟ ಅದೇ ಕೆಲಸಕ್ಕೆ ರೆಡ್‌ಫಿಶ್ ಹೊರತಂದಿತು. ಮಾರುಕಟ್ಟೆಯಲ್ಲಿ ಕಿತ್ತಾಡುವ ಕಂಪನಿಗಳೇ ಒಟ್ಟಿಗೆ ಕೂತು ಬರೆದ ಮಾನದಂಡ ಇದು, ದೊಡ್ಡ ವಿಷಯ ಅಲ್ವಾ? ಮಾಹಿತಿಯೆಲ್ಲ ಎಚ್‌ಟಿಟಿಪಿಎಸ್ (ವೆಬ್‌ಸೈಟ್‌ಗಳು ಬಳಸುವ ಸುರಕ್ಷಿತ ದಾರಿ) ಮೇಲೆ ಜೇಸನ್ (ಯಾವ ಪ್ರೋಗ್ರಾಂ ಆದರೂ ಓದಬಲ್ಲ ಸರಳ ಪಠ್ಯ) ರೂಪದಲ್ಲಿ ಬರುವುದರಿಂದ, ಯಾವ ಕಂಪನಿಯ ಸರ್ವರ್ ಆದರೂ ಬಿಸಿ ಎಷ್ಟು, ಪವರ್ ಎಷ್ಟು ಅಂತ ಒಂದೇ ಸ್ಕ್ರಿಪ್ಟ್‌ನಲ್ಲಿ ಕೇಳಬಹುದು.

ತೊಡಕು ಬೇರೆ ಕಡೆ ಇದೆ. ಕಂಪನಿಗಳು ತಮ್ಮದೇ ಸಂಗತಿ ಸೇರಿಸಲು ರೆಡ್‌ಫಿಶ್‌ನಲ್ಲಿ 'ಒಇಎಂ' (ಅಂದರೆ ತಯಾರಕ ಕಂಪನಿ) ಅಂತ ಜಾಗವಿದೆ. ಬೇಕಾದ್ದನ್ನೆಲ್ಲ ಅಲ್ಲಿ ತುಂಬಿಸಿದರೆ ಮತ್ತೆ ಹಳೇ ಕಥೆಯೇ.

ಖರೀದಿ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೇ. ಟೆಂಡರ್‌ನಲ್ಲಿ ಸುಮ್ನೆ 'ರೆಡ್‌ಫಿಶ್ ಇರಬೇಕು' ಅಂತ ಬರೆದರೆ ಸಾಲದು, ಯಾವ ಆವೃತ್ತಿ ಅಂತಲೂ ಬರೆಯಿರಿ. ಡಿಎಂಟಿಎಫ್‌ನ ಉಚಿತ ಪರೀಕ್ಷಾ ಟೂಲ್ ಇದೆ, ಹಣ ಕೊಡುವ ಮುಂಚೆ ಅದನ್ನು ಓಡಿಸಿ ನೋಡಿ.

– ಒಬ್ಬ ಸಿಸ್ಟಮ್ ಅಡ್ಮಿನ್, ಬೆಂಗಳೂರು