ಸ್ಯಾಂಡರ್ಸ್ ಮತ್ತು ಕೋವಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಡೆಮಾಕ್ರಟರು ಬಂದೂಕಿನ ವಿರುದ್ಧ, ರಿಪಬ್ಲಿಕನ್ನರು ಪರ ಎಂದು ನಮ್ಮಲ್ಲಿ ಸುಮ್ನೆ ಷರಾ ಬರೆದುಬಿಡುತ್ತಾರೆ. ವರ್ಮಾಂಟ್ ರಾಜ್ಯದ ಪಕ್ಷೇತರ ಸಂಸದ ಬರ್ನಿ ಸ್ಯಾಂಡರ್ಸ್ ಈ ಲೆಕ್ಕಕ್ಕೆ ಸಿಗುವವರಲ್ಲ. ಎಡಪಂಥೀಯರ ಕಣ್ಮಣಿಯಾದ ಇವರು 1993ರಲ್ಲಿ ಬ್ರೇಡಿ ಮಸೂದೆಯನ್ನು ವಿರೋಧಿಸಿದರು. ಪಿಸ್ತೂಲು ಕೊಳ್ಳುವವರು ತಪಾಸಣೆಗಾಗಿ ಐದು ದಿನ ಕಾಯಬೇಕೆಂಬ ಮಸೂದೆ ಅದು. ಮರುವರ್ಷ, ಸೇನೆಯ ಮಾದರಿಯ ರೈಫಲ್‌ಗಳ ನಿಷೇಧವಿದ್ದ ಮಸೂದೆಗೆ ಹೂಂ ಅಂದರು. 2005ರಲ್ಲಿ, ಬಂದೂಕಿನಿಂದ ಅಪರಾಧ ನಡೆದಾಗ ತಯಾರಕರ ಮೇಲೆ ದಾವೆ ಹೂಡುವುದನ್ನು ಬಹುಮಟ್ಟಿಗೆ ತಡೆಯುವ ಕಾಯ್ದೆಗೂ ಮತ ಕೊಟ್ಟರು. ಅಧ್ಯಕ್ಷ ಸ್ಥಾನದ ಪೈಪೋಟಿಯಲ್ಲಿ ಎದುರಾಳಿ ಹಿಲರಿ ಕ್ಲಿಂಟನ್ ಇದನ್ನೇ ಹಿಡಿದು ಜಗ್ಗಿದರು. ಆಮೇಲೆ, 2016ರಲ್ಲಿ, ಸ್ಯಾಂಡರ್ಸ್ ಅದೇ ಕಾಯ್ದೆಯ ರದ್ದತಿಗೆ ಕೈಜೋಡಿಸಿದರು.

ಓಟಿಗಾಗಿ ಆಡಿದ ಆಟ ಅನ್ನುವುದು ಸುಲಭ. ಆದರೆ ವರ್ಮಾಂಟ್ ಜಿಂಕೆ ಬೇಟೆಯ ಹಳ್ಳಿಗಾಡು. ಅಲ್ಲಿ ಕೋವಿ ಮನೆಯ ಸಾಮಾನು. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾಗಾಗಿ ಬ್ರೇಡಿ ಮತ ನನಗೆ ಒಪ್ಪಿಗೆಯಾಗದಿದ್ದರೂ ಅರ್ಥವಾಗುತ್ತದೆ. 2005ರ ಮತ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ದೊಡ್ಡ ಕಂಪನಿಗಳ ಮೇಲೆ ಜೀವನವಿಡೀ ಗುಡುಗಿದ ಮನುಷ್ಯ, ಬಂದೂಕು ಕಂಪನಿಗಳಿಗೆ ಮಾತ್ರ ಯಾಕೆ ಕೊಡೆ ಹಿಡಿದರು?

– ಒಬ್ಬ ಓದುಗ, ಮೈಸೂರು